ದುಡ್ಡಿಗಿಂತ ಮೊದಲು ಸಹಿ

ಅಮೆರಿಕದಲ್ಲಿ ಡೆಮಾಕ್ರಟಿಕ್, ರಿಪಬ್ಲಿಕನ್ ಅಂತ ಬರೀ ಎರಡೇ ಪಕ್ಷ ಯಾಕೆ, ಶ್ರೀಮಂತರ ದುಡ್ಡಿಗೆ ಕಡಿವಾಣ ಹಾಕಿದರೆ ಮೂರನೆಯವರು ತಾನಾಗಿ ಮೇಲೆ ಬರುತ್ತಾರೆ ಅಲ್ವಾ ಅಂತ ಕೇಳಿದ್ದೀರಿ.

ದುಡ್ಡಿನ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. 2024ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗೆ ಒಬ್ಬರು ಒಂದು ಚುನಾವಣೆಗೆ ನೇರವಾಗಿ ಕೊಡಬಹುದಾಗಿದ್ದದ್ದು 3,300 ಡಾಲರ್ ಮಾತ್ರ. ಅಭ್ಯರ್ಥಿಯ ಕೈಗೆ ಕೊಡದೆ ತಾನೇ ಬೇರೆಯಾಗಿ ಪ್ರಚಾರಕ್ಕೆ ಖರ್ಚು ಮಾಡುವ ಸೂಪರ್ ಪ್ಯಾಕ್ ಅನ್ನೋ ಗುಂಪಿಗಾದರೆ ಎಷ್ಟು ಬೇಕಾದರೂ ಸುರಿಯಬಹುದು. ಇಂಥ ಸ್ವತಂತ್ರ ಖರ್ಚಿಗೆ ಮಿತಿ ಹಾಕುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ತೆರೆದ ದಾರಿ ಅದು.

ಆದರೆ ದುಡ್ಡೊಂದೇ ಅಡ್ಡಿಯಾಗಿದ್ದರೆ ರಾಸ್ ಪೆರೋ ಅವರ ಕಥೆ ಬೇರೆಯೇ ಇರುತ್ತಿತ್ತು. ಭಾರಿ ಶ್ರೀಮಂತರು, 1992ರ ಅಧ್ಯಕ್ಷ ಚುನಾವಣೆಗೆ ಸ್ವಂತ ಹಣ ಹಾಕಿ ಪಕ್ಷೇತರರಾಗಿ ನಿಂತರು, ಸುಮಾರು ಶೇ 19ರಷ್ಟು ಮತವೂ ಬಂತು. ಆದರೆ ಅಧ್ಯಕ್ಷರು ಯಾರು ಅಂತ ನಿರ್ಧರಿಸುವ ಎಲೆಕ್ಟೋರಲ್ ಮತ ಒಂದೂ ಇಲ್ಲ, ಯಾಕೆಂದರೆ ಹೆಚ್ಚಿನ ರಾಜ್ಯಗಳಲ್ಲಿ ಮೊದಲು ಬಂದವರಿಗೇ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತ. 1996ರಲ್ಲಿ ಅವರನ್ನು ಟಿವಿ ಚರ್ಚೆಗೇ ಸೇರಿಸಲಿಲ್ಲ. ಆ ಚರ್ಚೆ ನಡೆಸುತ್ತಿದ್ದ ಆಯೋಗವನ್ನು 1987ರಲ್ಲಿ ಹುಟ್ಟುಹಾಕಿದ್ದು ಯಾರು ಗೊತ್ತಾ? ಅವೆರಡೇ ಪಕ್ಷಗಳ ಅಧ್ಯಕ್ಷರು, ಜೊತೆಗೂಡಿ!

ಅದಕ್ಕೂ ಮೊದಲು ಮತಪತ್ರದಲ್ಲಿ ಹೆಸರು ಬರಬೇಕಲ್ಲ. ಅಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಕಾನೂನು. ಟೆನ್ನೆಸಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವ ಪಕ್ಷೇತರರಿಗೆ 275 ಮತದಾರರ ಸಹಿ ಸಾಕು. ನ್ಯೂಯಾರ್ಕ್‌ನಲ್ಲಿ 15,000 ಇದ್ದದ್ದನ್ನು 2020ರಲ್ಲಿ 45,000ಕ್ಕೆ ಏರಿಸಿದರು, ಅದನ್ನೂ ಆರೇ ವಾರದಲ್ಲಿ ಸಂಗ್ರಹಿಸಬೇಕು. ಸಹಿ ಬೇಕು ಅನ್ನೋದು ತಪ್ಪಲ್ಲ, ಸುಮ್ನೆ ನಿಂತವರ ಹೆಸರೆಲ್ಲ ಹಾಕ್ತಾ ಹೋದರೆ ಮತದಾರರಿಗೂ ಗೊಂದಲ. ಆದರೆ ಎಷ್ಟು ಬೇಕು ಅಂತ ಗೆರೆ ಎಳೆಯೋರು ಈಗಾಗಲೇ ಗೆದ್ದು ಒಳಗೆ ಕೂತಿರುವವರೇ. ಸಂಗ್ರಹಿಸಿದ ಮೇಲೂ ನೆಮ್ಮದಿ ಇಲ್ಲ. 2024ರಲ್ಲಿ ನೆವಾಡಾ ರಾಜ್ಯದಲ್ಲಿ ಗ್ರೀನ್ ಪಾರ್ಟಿ ಅನ್ನೋ ಚಿಕ್ಕ ಪಕ್ಷ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಸಹಿ ತಂದಿತ್ತು, ಆದರೆ ಜೊತೆಗಿದ್ದ ಪ್ರಮಾಣಪತ್ರದ ನಮೂನೆ ತಪ್ಪು ಅಂತ ಡೆಮಾಕ್ರಟಿಕ್ ಪಕ್ಷ ಕೋರ್ಟಿಗೆ ಹೋಯಿತು, ರಾಜ್ಯದ ಸುಪ್ರೀಂ ಕೋರ್ಟ್ ಗ್ರೀನ್ ಪಾರ್ಟಿಯನ್ನು ಮತಪತ್ರದಿಂದ ಹೊರಗಿಟ್ಟಿತು. ಆ ತಪ್ಪು ನಮೂನೆ ಕಳಿಸಿದ್ದು ಚುನಾವಣೆ ನಡೆಸುವ ಸರ್ಕಾರಿ ಕಚೇರಿಯೇ! ಇಂಥ ಸಹಿ ಸಂಗ್ರಹಕ್ಕೆ, ವಕೀಲರಿಗೆ ಚಿಕ್ಕ ಪಕ್ಷಗಳ ಕಾಸು ಕರಗಿಹೋಗುತ್ತೆ, ಪ್ರಚಾರಕ್ಕೆ ಉಳಿಯೋದು ಕಮ್ಮಿ. ದುಡ್ಡಿನ ಪೆಟ್ಟು ನಿಜವಾಗಿ ಬೀಳೋದು ಇಲ್ಲಿ.

ಮತ ಒಡೆಯುವ ಭಯವನ್ನೂ ತಳ್ಳಿಹಾಕಬೇಡಿ. 2000ದ ಅಧ್ಯಕ್ಷ ಚುನಾವಣೆಯಲ್ಲಿ, ಫಲಿತಾಂಶ ನಿರ್ಧರಿಸಿದ ಫ್ಲೋರಿಡಾದಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಗೆದ್ದದ್ದು 537 ಮತಗಳಿಂದ, ಅಲ್ಲೇ ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್‌ಗೆ ಬಿದ್ದದ್ದು 97,000ಕ್ಕೂ ಹೆಚ್ಚು. ಅಷ್ಟೂ ಮತ ಸೋತ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್‌ಗೇ ಹೋಗುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಅವತ್ತಿನಿಂದ ಮೂರನೆಯವರಿಗೆ ಓಟು ಹಾಕೋಕೆ ಜನ ಎರಡು ಸಲ ಯೋಚಿಸುತ್ತಾರೆ.

ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಕ್ರಮವಾಗಿ ಗುರುತು ಹಾಕುವ ಪದ್ಧತಿ ಈ ಭಯವನ್ನು ಬಹಳಷ್ಟು ಕಮ್ಮಿ ಮಾಡುತ್ತದೆ, ಮೊದಲ ಆಯ್ಕೆಯವರು ಹಿಂದೆ ಬಿದ್ದು ಹೊರಗಾದರೆ ಆ ಮತ ಎರಡನೇ ಆಯ್ಕೆಯವರಿಗೆ ಹೋಗುತ್ತೆ. ಮೇನ್ ರಾಜ್ಯದಲ್ಲಿ 2018ರಿಂದ, ಅಲಾಸ್ಕಾದಲ್ಲಿ 2022ರಿಂದ ಇದೆ. ನನ್ನನ್ನು ಕೇಳಿದರೆ ದಾನದ ಮಿತಿಗಿಂತ ಮೊದಲು ಆಗಬೇಕಾದದ್ದು ಇದು. ಆದರೆ 2024ರಲ್ಲಿ ಕೊಲೊರಾಡೊ, ಆರೆಗಾನ್, ಇಡಾಹೊ, ಅದೇ ನೆವಾಡಾ, ಎಲ್ಲ ಕಡೆ ಇದನ್ನು ಜನರ ಮುಂದಿಟ್ಟಾಗ ಬೇಡ ಅಂದವರು ಮತದಾರರೇ. ಹಾಗಾಗಿ ಎಲ್ಲ ತಪ್ಪನ್ನೂ ಆ ಎರಡು ಪಕ್ಷಗಳ ತಲೆಗೆ ಕಟ್ಟಲು ನಾನು ತಯಾರಿಲ್ಲ.

- ಸಂಪಾದಕ