ಬಿಎಸ್ಸಿ ಆದಮೇಲೆ ‘ವಿಜ್ಞಾನ, ತಂತ್ರಜ್ಞಾನ ಮತ್ತು ಸಮಾಜ’ ಓದಿದರೆ ವಿಜ್ಞಾನ ಬಿಟ್ಟ ಹಾಗಾಗುತ್ತಾ?

ಇಲ್ಲ, ಆಗಲ್ಲ. ನೀವು ಯಾದಗಿರಿಯಲ್ಲಿ ಕೊನೆಯ ವರ್ಷದಲ್ಲಿದ್ದೀರಿ, ಮನೆಯಲ್ಲಿ ಎಂಎಸ್ಸಿನೇ ಮಾಡು ಅಂತಿದ್ದಾರೆ ಅಂತ ಬರೆದಿದ್ದೀರಿ. ನಾನು ಬೀದರಿನವನು. ಫಿಸಿಕ್ಸ್ ಓದಿ ಈ ಕಡೆ ಬಂದೆ, ನಮ್ಮನೆಯಲ್ಲೂ ಇದೇ ಮಾತು ನಡೆದಿತ್ತು.

ವಿಜ್ಞಾನ, ತಂತ್ರಜ್ಞಾನವನ್ನು ಅದನ್ನು ಬಳಸುವ ಜನರ ಬದುಕಿನ ಜೊತೆ ಸೇರಿಸಿ ನೋಡುವ ಓದು ಇದು. ಹೇಗೆ ಅಂತ ಹೇಳೋಕೆ ನಮ್ಮೂರಿನ ಕಾರೇಜ್ ಸಾಕು. ನೌಬಾದ್ ಕಡೆ ಇರುವ ಸುರಂಗ ಬಾವಿ, ನೀವೂ ನೋಡಿರಬಹುದು. 15ನೇ ಶತಮಾನದ್ದು, ಬಹಮನಿಗಳ ಕಾಲದಲ್ಲಿ ಪರ್ಷಿಯಾದಿಂದ ಬಂದ ವಿದ್ಯೆ. ಕೆಂಪು ಕಲ್ಲಿನ ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿ ಇಳಿಸಿದ್ದಾರೆ, ಸಣ್ಣ ಇಳಿಜಾರು ಕೊಟ್ಟಿದ್ದಾರೆ, ನೀರು ತಾನೇ ಹರಿದು ಬರುತ್ತೆ. ಪಂಪು ಬೇಡ, ಕರೆಂಟು ಬೇಡ. ಬಿಎಸ್ಸಿಯಲ್ಲಿ ನನಗೆ ಕಂಡಿದ್ದು ಇಷ್ಟೇ.

ಆಮೇಲೆ ಬೇರೆ ಪ್ರಶ್ನೆ ಕಾಡೋಕೆ ಶುರುವಾಯಿತು. ಅದರ ಹೂಳು ಯಾರು ತೆಗೆಯುತ್ತಿದ್ದರು? ಇಷ್ಟು ಚೆನ್ನಾಗಿದ್ದದ್ದನ್ನು ಜನ ಯಾಕೆ ಬಿಟ್ಟರು? ಬೋರ್‌ವೆಲ್ ಬಂತು ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಬೋರ್‌ವೆಲ್‌ಗೆ ಒಬ್ಬನ ಹತ್ತಿರ ದುಡ್ಡಿದ್ದರೆ ಆಯಿತು, ಪಕ್ಕದ ಹೊಲದವನನ್ನು ಕೇಳಬೇಕಿಲ್ಲ. ಕಾರೇಜ್ ಉಳಿಯಬೇಕಾದರೆ ಸುರಂಗದ ಮೇಲೆ ಜಮೀನಿರುವ ಎಲ್ಲರೂ ಒಪ್ಪಬೇಕು, ಮೇಲೆ ಯಾರೋ ಒಬ್ಬರು ಬಾವಿಯ ಬಾಯಿಗೆ ಕಸ ತುಂಬಿ ಸೈಟ್ ಮಾಡಿಕೊಂಡರೆ ಕೆಳಗಿನವರಿಗೆಲ್ಲ ಹೊಡೆತ. ಇದನ್ನು ತಿಳಿಯೋಕೆ ಇಳಿಜಾರಿನ ಲೆಕ್ಕವೂ ಬೇಕು, ಪಹಣಿ ಓದೋಕೂ ಬರಬೇಕು, ವಯಸ್ಸಾದವರ ಹತ್ತಿರ ಕೂತು ಮಾತಾಡೋಕೂ ಬರಬೇಕು. ನನಗೆ ಜಾಸ್ತಿ ಕಷ್ಟ ಆಗಿದ್ದು ಕೊನೆಯದೇ. ಪರೀಕ್ಷೆಯಲ್ಲಿ ಕೇಳಿದ ಹಾಗೆ ಕೇಳುತ್ತಿದ್ದೆ, ಅವರು ಹೌದು, ಇಲ್ಲ ಅಂದು ಸುಮ್ಮನಾಗುತ್ತಿದ್ದರು. ಕೇಳೋದು ಕಲಿಯೋಕೆ ಒಂದು ವರ್ಷವೇ ಹಿಡಿಯಿತು.

ಎಲ್ಲಿ ಓದಬೇಕು ಅಂದರೆ, ದೆಹಲಿಯ ಜೆಎನ್‌ಯುನಲ್ಲಿ ವಿಜ್ಞಾನ ನೀತಿ ಅಧ್ಯಯನ ಕೇಂದ್ರ ಇದೆ, ಗುಜರಾತ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇಂಥದೊಂದು ಕೇಂದ್ರ ಇದೆ, ಬೆಂಗಳೂರಿನ ನಿಯಾಸ್‌ (ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ) ನಲ್ಲಿ ಪಿಎಚ್‌ಡಿ ಮಾಡಬಹುದು. ಇವೆಲ್ಲ ಹೆಚ್ಚಾಗಿ ಸಂಶೋಧನೆಗೆ, ಅದಕ್ಕೂ ಮೊದಲು ಸಾಮಾನ್ಯವಾಗಿ ಒಂದು ಸ್ನಾತಕೋತ್ತರ ಪದವಿ ಬೇಕು. ಮನೆಯವರು ಹೇಳಿದ ಎಂಎಸ್ಸಿ ಮುಗಿಸಿ ಬಂದರೂ ನಷ್ಟವಿಲ್ಲ, ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಎಂಎ ಮಾಡಿ ಬಂದರೂ ಆಗುತ್ತೆ. ಕೆಲಸ ಮಾತ್ರ ತಕ್ಷಣ ಸಿಗಲ್ಲ, ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ.

ಅರ್ಜಿ ಹಾಕೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಊರಿನ ರೇಷನ್ ಅಂಗಡಿ ಮುಂದೆ ಮೂರು ದಿನ ನಿಂತು, ಮೆಷಿನ್ ಯಾರ ಬೆರಳು ಹಿಡಿಯಲ್ಲ, ಅವರು ಏನು ಕೆಲಸ ಮಾಡುತ್ತಾರೆ, ಆಮೇಲೆ ಅಕ್ಕಿ ಹೇಗೆ ತರುತ್ತಾರೆ ಅಂತ ಕೇಳಿ ಬರೆದಿಡಿ. ನಾಲ್ಕನೇ ದಿನವೂ ಹೋಗಬೇಕು ಅನಿಸಿದರೆ ಅರ್ಜಿ ಹಾಕಿ.