ಮನೆ ಬೆಲೆ ಇಳಿದಿದೆ, ಸಾಲ ಇಳಿದಿಲ್ಲ

ಪ್ರಶ್ನೆ: ಮೇಡಂ, ಮೂರು ವರ್ಷದ ಹಿಂದೆ ನಾನು, ನಮ್ಮ ಯಜಮಾನರು ಸೇರಿ ಮನೆ ತಗೊಂಡೆವು. ಬೆಲೆಯಲ್ಲಿ 100ಕ್ಕೆ 90ರಷ್ಟು ಸಾಲವೇ. 20 ವರ್ಷದ ಅವಧಿ, ಬಡ್ಡಿ ಶೇ. 9. ಮೊನ್ನೆ ನಮ್ಮದರಂಥದ್ದೇ ಪಕ್ಕದ ಮನೆ, ನಾವು ಕೊಟ್ಟಿದ್ದಕ್ಕಿಂತ ಐದನೇ ಒಂದು ಪಾಲು ಕಡಿಮೆಗೆ ಹೋಯ್ತು. ಈಗ ಮನೆ ಮಾರಿದರೂ ಸಾಲ ತೀರುವುದಿಲ್ಲ. ಇಬ್ಬರಿಗೂ ಕೆಲಸ ಇದೆ, ಒಂದು ಕಂತೂ ತಪ್ಪಿಲ್ಲ. ಆದರೂ ಇವರಿಗೆ ರಾತ್ರಿ ನಿದ್ದೆಯಿಲ್ಲ. ಸ್ನೇಹಿತರೊಬ್ಬರು "ಕಂತು ನಿಲ್ಲಿಸಿ, ಬೀಗದ ಕೈ ಬ್ಯಾಂಕಿಗೆ ಕೊಟ್ಟು ಬಂದುಬಿಡಿ" ಅಂತಾರೆ. ಏನು ಮಾಡಲಿ?

ಉತ್ತರ: ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ಯಾಕೆ ಅಂತ ಹೇಳುತ್ತೇನೆ, ಇದನ್ನು ಯಜಮಾನರಿಗೂ ಓದಿ ಹೇಳಿ.

ನಿಮ್ಮ ಲೆಕ್ಕವನ್ನೇ ಹಾಕೋಣ. ಮನೆ ಬೆಲೆ 100 ಅಂತ ಇಟ್ಟುಕೊಳ್ಳಿ. ಸಾಲ 90. ಇಂಥ ಸಾಲದಲ್ಲಿ ಮೊದಲ ಕಂತಿನ ಆರು ಪಾಲಿನಲ್ಲಿ ಐದು ಪಾಲು ಬರೀ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಒಂದೇ ಪಾಲು. ಅದಕ್ಕೇ ಮೂರು ವರ್ಷ ತಪ್ಪದೆ ಕಟ್ಟಿದರೂ ನಿಮ್ಮ ಬಾಕಿ ಇನ್ನೂ 84 ಚಿಲ್ಲರೆ ಇದೆ. ಮನೆಗೆ ಈಗ ಸಿಗುವುದು 80. ಕೊರತೆ ನಾಲ್ಕೂವರೆಯ ಹತ್ತಿರ ಹತ್ತಿರ. ಮಾರಾಟದ ಖರ್ಚು ಬೇರೆ. ನಿಮಗೆ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಸಹಜ, ಮೂರು ವರ್ಷ ಬೆವರು ಸುರಿಸಿ ಕಟ್ಟಿದ್ದೆಲ್ಲಾ ಎಲ್ಲಿ ಹೋಯ್ತು ಅನ್ನಿಸುತ್ತದೆ.

ಆದರೆ ಅದೇ ಲೆಕ್ಕವನ್ನು ಮುಂದಕ್ಕೂ ಹಾಕಿ ನೋಡಿ. ಬಡ್ಡಿ ದರ ಇಷ್ಟೇ ಇದ್ದು ನೀವು ಹೀಗೇ ಕಟ್ಟುತ್ತಾ ಹೋದರೆ, ಐದನೇ ವರ್ಷ ಮುಗಿಯುವಾಗ ಬಾಕಿ 80ಕ್ಕೆ ಇಳಿಯುತ್ತದೆ. ಅಂದರೆ ಮನೆ ಬೆಲೆ ಒಂದು ಬಿಡಿಗಾಸು ಏರದಿದ್ದರೂ ಇನ್ನೆರಡು ವರ್ಷಕ್ಕೆ ಸಾಲ, ಬೆಲೆ ಎರಡೂ ಸಮ. ಯಾಕೆಂದರೆ ಪ್ರತಿ ತಿಂಗಳೂ ಕಂತಿನಲ್ಲಿ ಬಡ್ಡಿಯ ಪಾಲು ಕರಗಿ ಅಸಲಿನ ಪಾಲು ಬೆಳೆಯುತ್ತದೆ. ವರ್ಷಕ್ಕೆ ಒಂದು ಕಂತು ಜಾಸ್ತಿ ಕಟ್ಟಲು ಆದರೆ ಇನ್ನೂ ಬೇಗ. ಹಾಗೆ ಕಟ್ಟುವಾಗ "ಇದು ಅಸಲಿಗೆ" ಅಂತ ಬ್ಯಾಂಕಿಗೆ ಬರೆದು ಕೊಡಿ. ಆದರೆ ಇದಕ್ಕೋಸ್ಕರ ಕೈಯಲ್ಲಿರುವ ಆಪತ್ಕಾಲದ ಹಣವನ್ನೆಲ್ಲಾ ಬರಿದು ಮಾಡಬೇಡಿ. ಆರು ತಿಂಗಳ ಕಂತಿನಷ್ಟಾದರೂ ಕೈಗೆ ಸಿಗುವಂತಿರಲಿ.

ಬೆಲೆ ಇಳಿಯುವುದು ಒಂದು ಕಷ್ಟ, ಕಂತು ಕಟ್ಟಲಾಗದಿರುವುದು ಇನ್ನೊಂದು ಕಷ್ಟ. ಜನ ಮನೆ ಕಳೆದುಕೊಳ್ಳುವುದು ಬಹುಮಟ್ಟಿಗೆ ಎರಡೂ ಒಟ್ಟಿಗೆ ಬಂದಾಗ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1991ರ ಸುಮಾರಿಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಸಾಲ ಮನೆ ಬೆಲೆಯನ್ನು ಮೀರಿತ್ತು. ಅವರಲ್ಲಿ ಕೊನೆಗೆ ಮನೆ ಜಪ್ತಿಯಾದದ್ದು 100ಕ್ಕೆ 10ಕ್ಕಿಂತ ಕಡಿಮೆ ಮಂದಿಗೆ. ಹಾಂಗ್‌ಕಾಂಗ್ ನೋಡಿ. 1997ರಿಂದ 2003ರ ಹೊತ್ತಿಗೆ ಅಲ್ಲಿ ಮನೆ ಬೆಲೆ ಅರ್ಧಕ್ಕಿಂತಲೂ ಜಾಸ್ತಿ ಕುಸಿಯಿತು, ಒಂದು ಲಕ್ಷಕ್ಕೂ ಹೆಚ್ಚು ಗೃಹಸಾಲಗಳು ಬೆಲೆಯನ್ನು ದಾಟಿದವು. ಅಂಥ ಕಾಲದಲ್ಲೂ ಒಟ್ಟು ಗೃಹಸಾಲಗಳಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಂತು ಬಾಕಿ ಬಿದ್ದವು 100ಕ್ಕೆ ಎರಡೂ ಇರಲಿಲ್ಲ. ಜನ ಹಲ್ಲು ಕಚ್ಚಿ ಕಟ್ಟಿದರು. ನಿಮಗೆ ಬಂದಿರುವುದು ಮೊದಲನೆಯ ಕಷ್ಟ ಮಾತ್ರ. ಆ ಮನೆಯಲ್ಲಿ ಇರುವುದಕ್ಕೇ ತಾನೇ ಕೊಂಡದ್ದು? ನಾಳೆ ಮಾರಲೇಬೇಕು ಅನ್ನುವ ಒತ್ತಾಯ ಇಲ್ಲ ಅಲ್ವಾ?

ಇನ್ನು ಆ ಸ್ನೇಹಿತರ ಸಲಹೆ. ಅವರು ಎಲ್ಲೋ ಕೇಳಿದ್ದು ಪೂರ್ತಿ ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ ತಾವೇ ವಾಸಿಸಲು ಮನೆ ಕೊಂಡ ಸಾಲವಾದರೆ, ಮನೆ ಹೋದ ಮೇಲೆ ಉಳಿದ ಬಾಕಿಗೆ ಬ್ಯಾಂಕ್ ಸಾಮಾನ್ಯವಾಗಿ ಬೆನ್ನು ಹತ್ತುವಂತಿಲ್ಲ. 2008ರ ನಂತರ ಅಲ್ಲಿ ಕೆಲವರು ಹಾಗೆ ಬಿಟ್ಟು ಹೋದದ್ದು ನಿಜ. ಆದರೆ ಎಷ್ಟೋ ಕಡೆ ಕಾನೂನು ಹಾಗಿಲ್ಲ. ಸ್ಪೇನ್‌ನಲ್ಲಿ ಅದೇ ವರ್ಷಗಳಲ್ಲಿ ಸಾವಿರಾರು ಜನ ಮನೆಯನ್ನೂ ಕಳೆದುಕೊಂಡರು, ಹರಾಜಿನಲ್ಲಿ ತೀರದೆ ಉಳಿದ ಸಾಲವನ್ನೂ ಹೊತ್ತುಕೊಂಡರು. ಬೀದಿಗೆ ಬಿದ್ದ ಮೇಲೂ ಕಂತು! ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಹರಾಜಿನಲ್ಲಿ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಗಿಂತ ಕಡಿಮೆಯೇ ಸಿಗುವುದು, ಮೇಲೆ ದಂಡದ ಬಡ್ಡಿ, ವಕೀಲರ ಖರ್ಚು. ನಿಮ್ಮ ನಾಲ್ಕೂವರೆಯ ಕೊರತೆ ಹತ್ತಾಗಿ, ಹದಿನೈದಾಗಿ ನಿಲ್ಲಬಹುದು. ಸಾಲಪತ್ರದಲ್ಲಿ ಈ ಬಗ್ಗೆ ಏನಿದೆ ಅಂತ ವಕೀಲರಿಗೆ ತೋರಿಸಿ ಕೇಳುವವರೆಗೂ ಸ್ನೇಹಿತರ ಮಾತಿಗೆ ತಲೆಯಾಡಿಸಬೇಡಿ.

ಪ್ರಶ್ನೆ: ನಮ್ಮ ಸಾಲವೂ ಮನೆ ಬೆಲೆಗಿಂತ ಜಾಸ್ತಿ. ಜೊತೆಗೆ ಕೆಲಸ ಹೋಗಿದೆ. ಎರಡು ಕಂತು ತಪ್ಪಿತು. ಬ್ಯಾಂಕಿನಿಂದ ಫೋನ್ ಬಂದರೆ ಎತ್ತಲು ಭಯ, ಸುಮ್ನೆ ಇದ್ದುಬಿಟ್ಟಿದ್ದೇನೆ.

ಉತ್ತರ: ಭಯ ಅರ್ಥವಾಗುತ್ತದೆ. ಆದರೂ ನಾಳೆ ಬೆಳಿಗ್ಗೆ ನೀವೇ ಫೋನ್ ಮಾಡಿ, ದಯವಿಟ್ಟು. ಎರಡು ಕಂತು ತಪ್ಪಿದಾಗ ಮಾತಾಡಲು ಜಾಗ ಇರುತ್ತದೆ, ನೋಟಿಸ್ ಬಂದು ಹರಾಜಿನ ದಿನ ಗೊತ್ತಾದ ಮೇಲೆ ಬಹಳ ಕಡಿಮೆ. ಬ್ಯಾಂಕಿಗೂ ನಿಮ್ಮ ಮನೆ ಹರಾಜಿಗೆ ಇಟ್ಟರೆ ನಷ್ಟವೇ, ಸಾಲಕ್ಕಿಂತ ಕಡಿಮೆ ಬೆಲೆಯ ಮನೆ ಅದಕ್ಕೂ ಬೇಡ. ಈ ಮಾತು ನಿಮ್ಮ ಕೈಯಲ್ಲಿರುವ ಬಲ.

ಅವಧಿ ಹೆಚ್ಚಿಸಿ ಕಂತು ಇಳಿಸುತ್ತೀರಾ, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಲು ಬಿಡುತ್ತೀರಾ ಅಂತ ಕೇಳಿ. ಕಂತನ್ನೇ ಸ್ವಲ್ಪ ಕಾಲ ಮುಂದೂಡಿದರೆ ಉಸಿರಾಡಬಹುದು, ಆದರೆ ಆ ತಿಂಗಳುಗಳ ಬಡ್ಡಿ ಸಾಲಕ್ಕೇ ಸೇರುತ್ತದೆ ಅನ್ನುವುದು ನೆನಪಿರಲಿ. ಬೇರೆ ದಾರಿಯೇ ಇಲ್ಲ ಅಂದಾಗ, ಬ್ಯಾಂಕಿನ ಒಪ್ಪಿಗೆ ಪಡೆದು ನೀವೇ ಗಿರಾಕಿ ಹುಡುಕಿ ಮಾರುವುದು ಹರಾಜಿಗಿಂತ ಎಷ್ಟೋ ವಾಸಿ. ಉಳಿದ ಬಾಕಿ ಮನ್ನಾ ಅಂತ ಬಾಯಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಬೇಕು. ಅದಕ್ಕೆ ತೆರಿಗೆ ಬೀಳುತ್ತದಾ ಅಂತಲೂ ವಿಚಾರಿಸಿ. ಅಮೆರಿಕದಲ್ಲಿ ಮನ್ನಾ ಆದ ಸಾಲವನ್ನು ಆದಾಯ ಅಂತ ಲೆಕ್ಕ ಹಿಡಿಯುತ್ತಿದ್ದರು, ಮನೆ ಕಳೆದುಕೊಂಡವರಿಗೆ ತೆರಿಗೆಯ ಬಿಲ್ಲೂ ಬರುವಂತಾಗಿ, 2007ರಲ್ಲಿ ಕಾನೂನು ಮಾಡಿ ವಾಸದ ಮನೆಗಳಿಗೆ ರಿಯಾಯಿತಿ ಕೊಡಬೇಕಾಯಿತು.

ಕ್ರೆಡಿಟ್ ಕಾರ್ಡಿನಿಂದ ಹಣ ತೆಗೆದು ಕಂತು ಕಟ್ಟುವ ಯೋಚನೆ ಬಂದಿದ್ದರೆ ಇವತ್ತೇ ಬಿಡಿ. ಆ ಬಡ್ಡಿ ನಿಮ್ಮನ್ನು ಮುಳುಗಿಸುತ್ತದೆ. ಮನೆಯವರಿಗೆ ಈ ವಿಷಯ ಇನ್ನೂ ಹೇಳಿಲ್ಲ ಅಂತ ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಬ್ಯಾಂಕಿಗೆ ಫೋನ್ ಮಾಡುವ ಮೊದಲು ಅವರಿಗೆ ಹೇಳಿ. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಆ ಫೋನ್ ಮಾಡುವುದು ಅಷ್ಟು ಕಷ್ಟವಾಗುವುದಿಲ್ಲ.

ಪ್ರಶ್ನೆ: ಬೇರೆ ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ. ಮನೆ ಬೆಲೆ ಸಾಲಕ್ಕಿಂತ ಇಳಿದಿರುವಾಗ ಸಾಲ ಅಲ್ಲಿಗೆ ಬದಲಾಯಿಸಬಹುದಾ?

ಉತ್ತರ: ಕಷ್ಟ. ಹೊಸ ಬ್ಯಾಂಕ್ ಇವತ್ತಿನ ಬೆಲೆ ನೋಡಿಯೇ ಸಾಲ ಕೊಡುವುದು. ಇದೇ ಕಾರಣಕ್ಕೆ ಅಮೆರಿಕ ಸರ್ಕಾರ 2009ರಲ್ಲಿ ಇಂಥವರಿಗಾಗಿಯೇ ಸಾಲ ಬದಲಾಯಿಸುವ ಒಂದು ಯೋಜನೆ ತಂದಿತ್ತು. ಅಂಥ ಯೋಜನೆ ಇಲ್ಲದ ಕಡೆ, ಈಗಿನ ಬ್ಯಾಂಕಿಗೇ ಹೋಗಿ, ಹೊಸ ಗಿರಾಕಿಗಳಿಗೆ ಕೊಡುವ ದರ ನನಗೂ ಕೊಡಿ ಅಂತ ಅರ್ಜಿ ಹಾಕಿ. ತಪ್ಪದೆ ಕಟ್ಟಿದ ಕಂತುಗಳ ವಿವರ ಜೊತೆಗೆ ಇಡಿ.