ಇಂಗ್ಲೆಂಡಿನ ರೆಡಿಂಗ್ ಬರೀ ಲಂಡನ್‌ಗೆ ಕೆಲಸಕ್ಕೆ ಹೋಗಿಬರುವವರ ಊರಾ?

ಖಂಡಿತ ಅಲ್ಲ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಕಾಫಿ ಕಪ್ಪು ಹಿಡಿದು ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿಗೆ ಹೋಗುವ ರೈಲಿಗೆ ಓಡುವವರನ್ನು ನೋಡಿದರೆ ಹಾಗೆ ಅನಿಸುತ್ತದೆ, ಫಾಸ್ಟ್ ಟ್ರೇನು ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ ಅಲ್ವಾ. ಆದರೆ ಊರು ತುಂಬಾ ಹಳೆಯದು. 1121ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಹೆನ್ರಿ ಕಟ್ಟಿಸಿದ ಮಠದ ಮುರುಕು ಗೋಡೆಗಳು ಇನ್ನೂ ನಿಂತಿವೆ, ಅವನನ್ನು ಹೂಳಿದ್ದೂ ಅಲ್ಲೇ. 1840ರಲ್ಲಿ ರೈಲು ಬಂತು. ಆಮೇಲೆ ಇಲ್ಲಿನ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು, ಚಂದದ ಚಿತ್ರಗಳಿದ್ದ ತಗಡಿನ ಡಬ್ಬಿಗಳಲ್ಲಿ ಕೂತು ದೇಶದೇಶ ಸುತ್ತಿತು. ಬಿಯರು, ಹೂಗಿಡದ ಗೆಡ್ಡೆಗಳೂ ಊರಿಗೆ ಹೆಸರು ತಂದವು. ಆ ಕಾರ್ಖಾನೆಗಳು ಹೋದವು, ಸಾಫ್ಟ್‌ವೇರ್ ಕಂಪನಿಗಳು ಬಂದವು, ಹಾಗಾಗಿ ಹೊರಗಿನಿಂದ ಇಲ್ಲಿಗೇ ಕೆಲಸಕ್ಕೆ ಬರುವವರೂ ಜಾಸ್ತಿ. ಇಷ್ಟೆಲ್ಲ ಇದ್ದೂ ಅಲ್ಲಿನ ದೊರೆ ಅಧಿಕೃತವಾಗಿ ಕೊಡುವ ಸಿಟಿ ಅನ್ನೋ ಪಟ್ಟ ಇನ್ನೂ ಸಿಕ್ಕಿಲ್ಲ, ಅದು ನನಗಂತೂ ಅನ್ಯಾಯ ಅನಿಸುತ್ತದೆ.